ಗಾಜಿನ ಪಾಟಿಯ ಮೇಲೆ ಹಸೆ ಚಿತ್ತಾರ

ಸೊರಬದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಶಾನುಭೋಗರು ಲೆಕ್ಕ ಬರೆಯುತ್ತಿದ್ದರು. ಕವಿ ಕಾವ್ಯ ಬರೆಯುತ್ತಾನೆ. ಮೂವರ ಕೆಲಸವೂ ಬೇರೆ ಬೇರೆಯಾದರೂ ಕನ್ನಡ ಅವರಿಗೆಲ್ಲ ಒಂದೇ ಕ್ರಿಯಾಪದವನ್ನು ಹಂಚಿಕೊಟ್ಟಿದೆ. ಚಿತ್ರವನ್ನು ‘ಬಿಡಿಸುವುದು’, ‘ರಚಿಸುವುದು’ ಎಂದು ನಾವು ಮೇಷ್ಟ್ರುಗಳು ಪಾಠಶಾಲೆಯಲ್ಲಿ ಕಲಿಸಿದ್ದುಂಟು. ಮನೆಯ ಮಾತಿನಲ್ಲಿ ಮಾತ್ರ, ಗೆರೆ ಎಳೆಯುವ ಕೈ ಅಕ್ಷರದ್ದೋ ಚಿತ್ರದ್ದೋ ಎಂಬ ಭೇದವಿಲ್ಲ. ನಾನು ಇಂದು ಪರಿಚಯಿಸಹೊರಟಿರುವ ಉಪಕರಣ ಈ ಹಳೆಯ ಅಭೇದವನ್ನು ನನಗೆ ಮತ್ತೆ ನೆನಪಿಗೆ ತಂದಿತು. ಅದು ಪುಸ್ತಕಕ್ಕಿಂತ ತೆಳುವಾದ, ಗಾಜಿನ ಮುಖವುಳ್ಳ ಒಂದು ಹಲಗೆ; ಜೊತೆಗೆ ಶಾಯಿಯಿಲ್ಲದ, ಸೀಸವಿಲ್ಲದ ಒಂದು ಕಡ್ಡಿ. ಹಲಗೆಗೆ ಟ್ಯಾಬ್ಲೆಟ್ ಎಂದೂ ಕಡ್ಡಿಗೆ ಸ್ಟೈಲಸ್ ಎಂದೂ ಅಂಗಡಿಯ ಹೆಸರು. ಶಿಕಾರಿಪುರದ ನಮ್ಮ ಮನೆಯಲ್ಲಿ ನಾನು ಅವನ್ನು ಪಾಟಿ, ಕಂಟ ಎಂದೇ ಕರೆಯುತ್ತೇನೆ. ಮೊಮ್ಮಕ್ಕಳು ನಗುತ್ತಾರೆ.

ನಗುವಂಥದೇನೂ ಇದರಲ್ಲಿಲ್ಲ. ಓಲೆಗರಿಯ ಮೇಲೆ ಬರೆಯುತ್ತಿದ್ದ ಕಬ್ಬಿಣದ ಮೊನೆಗೆ ಕಂಟವೆಂದೇ ಹೆಸರು. ಅದಕ್ಕೂ ಶಾಯಿ ಇರಲಿಲ್ಲ. ಲಿಪಿಕಾರ ಎಡಗೈಯಲ್ಲಿ ಗರಿಯನ್ನು ಹಿಡಿದು ಕಂಟದಿಂದ ಗೀರುತ್ತಿದ್ದ. ಗೀರಿದ್ದು ಕಣ್ಣಿಗೆ ಕಂಡೂ ಕಾಣದ ಹಾಗೆ ಇರುತ್ತಿತ್ತು. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ, ಗರಿಯ ಮೇಲೆ ಉಜ್ಜಿ ಒರೆಸಿದಾಗ, ಗೀರಿನೊಳಗೆ ಕಪ್ಪು ನಿಂತು ಅಕ್ಷರ ಮೂಡುತ್ತಿತ್ತು. ಬರೆಯುವುದು ಒಂದು ಹೊತ್ತು, ಕಾಣುವುದು ಇನ್ನೊಂದು ಹೊತ್ತು. ಗರಿಯ ನಾರು ಉದ್ದಕ್ಕೆ ಓಡುವುದರಿಂದ ಅದೇ ದಿಕ್ಕಿಗೆ ನೇರ ಗೆರೆ ಎಳೆದರೆ ಗರಿ ಸೀಳುವ ಭಯ; ಕನ್ನಡ ತೆಲುಗು ಅಕ್ಷರಗಳ ದುಂಡುತನಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಪಕ್ಕದ ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಓಲೆಯ ಕಟ್ಟುಗಳನ್ನು ಈಗಲೂ ಕಾಣಬಹುದು.

ಪಾಟಿಗೂ ಪೂರ್ವಿಕರಿದ್ದಾರೆ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ವರ್ತಕರೂ ಶಾನುಭೋಗರೂ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಅದೇ ಎಡೆಯಲ್ಲಿ ಬೇರೆ ಬರೆಯುವುದು ಸಾಧ್ಯವಿತ್ತು. ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟವನ್ನು 1810ರಲ್ಲಿ ಹೊರತಂದ ಮಾರ್ಕ್ ವಿಲ್ಕ್ಸ್ ಈ ಕಡತಗಳನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಕಚೇರಿಯ ಫೈಲಿಗೆ ನಾವು ಕಡತವೆಂದು ಹೆಸರಿಟ್ಟೆವು; ಈಗ ಕಂಪ್ಯೂಟರಿನೊಳಗಿನ ಫೈಲಿಗೂ ಅದೇ ಹೆಸರು ಸಾಗಿದೆ. ಒರೆಸಿ ಬರೆಯುವ ಬಟ್ಟೆಯ ಹೆಸರು ಒರೆಸಿ ಬರೆಯುವ ಗಾಜಿನೊಳಕ್ಕೆ ಹೋಗಿ ಸೇರಿರುವುದು ಆಕಸ್ಮಿಕವಾದರೂ ಸೊಗಸಾಗಿದೆ.

ಒರೆಸಲಾಗದ ಬರೆಹದ ಮಾತು ಬಂದರೆ ನಮ್ಮ ತಾಲ್ಲೂಕಿನವರಿಗೆ ತಾಳಗುಂದ ನೆನಪಾಗಬೇಕು. ಶಿರಾಳಕೊಪ್ಪದ ಹತ್ತಿರದ ಆ ಊರಿನಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಕದಂಬರ ಶಾಂತಿವರ್ಮನ ಕಾಲದ ಸ್ತಂಭಶಾಸನವಿದೆ. ಸುಮಾರು 5ನೆಯ ಶತಮಾನದ್ದು. ಅದರ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜನೆಂಬ ಕವಿ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಅವನು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಉಳಿ ಹಿಡಿದು ತಾನೇ ಕಂಡರಿಸಿದನೋ, ಕಂಡರಿಸುವವನಿಗಾಗಿ ಮುಂಚಿತವಾಗಿ ಬರೆದುಕೊಟ್ಟನೋ, ಆ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಅಕ್ಷರದ ತಲೆಗಳು ಪುಟ್ಟ ಪೆಟ್ಟಿಗೆಗಳಂತೆ ಚೌಕವಾಗಿವೆ. ಕಲ್ಲು ಹೀಗೆ ಬರೆಯಿಸಿಕೊಂಡಿತು, ಗರಿ ಹಾಗೆ ಬರೆಯಿಸಿಕೊಂಡಿತು. ಬರೆಯುವ ಮೈ ಕೈಗೆ ಎದುರಾಡುತ್ತದೆ. ಗೆರೆಯ ಗುಣದಲ್ಲಿ ಅರ್ಧಪಾಲು ಆ ಎದುರಾಟದ್ದು. ಗಾಜಾದರೋ ಏನನ್ನೂ ಎದುರಾಡುವುದಿಲ್ಲ. ಈ ಪಾಟಿಯ ಕಷ್ಟಸುಖವೆಲ್ಲ ಇಲ್ಲಿಂದಲೇ ಹುಟ್ಟುತ್ತದೆಂದು ನನ್ನ ಎಣಿಕೆ.

ಯಂತ್ರದ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1963ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬ ತರುಣ, ಬೆಳಕಿನ ಲೇಖನಿಯೊಂದನ್ನು ಪರದೆಗೆ ಹಿಡಿದು ಕಂಪ್ಯೂಟರಿನೊಳಗೆ ನೇರವಾಗಿ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದ. ಮರುವರ್ಷ, 1964ರಲ್ಲಿ, ರ್‍ಯಾಂಡ್ ಸಂಸ್ಥೆಯ ಡೇವಿಸ್ ಮತ್ತು ಎಲಿಸ್ ಎಂಬಿಬ್ಬರು ಹತ್ತು ಅಂಗುಲದ ಚೌಕ ಹಲಗೆಯೊಂದನ್ನು ಸಿದ್ಧಪಡಿಸಿದರು. ಅದರ ಮೈಯಲ್ಲಿ ಅಡ್ಡ ಉದ್ದವಾಗಿ ಸಣ್ಣ ತಾಮ್ರದ ಎಳೆಗಳನ್ನು ಹಾಸಿ, ಸುಮಾರು ಹತ್ತು ಲಕ್ಷ ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸುವಂತೆ ಮಾಡಿದ್ದರು. ಈಗ ಎಲ್ಲರಿಗೂ ಗೊತ್ತಿರುವ ಮೌಸ್ ಎಂಬ ‘ಇಲಿ’ಯನ್ನು ಡಗ್ಲಾಸ್ ಎಂಗಲ್‌ಬಾರ್ಟ್ ಸಾರ್ವಜನಿಕವಾಗಿ ಪ್ರದರ್ಶಿಸಿದ್ದು 1968ರಲ್ಲಿ. ಎಂದರೆ ಇಲಿ ಲೋಕಕ್ಕೆ ಕಾಣಿಸಿಕೊಳ್ಳುವ ಮೊದಲೇ ಕಂಪ್ಯೂಟರಿನ ಮನೆಗೆ ಲೇಖನಿ ಬಂದಿತ್ತು. ಆದರೆ ಲೇಖನಿ ದುಬಾರಿ, ಇಲಿ ಅಗ್ಗ; ಬಹಳ ಕಾಲ ಚಿತ್ರಗಾರರು ಇಲಿಯನ್ನು ಹಿಡಿದು ಹೆಣಗಿದರು. ಹೊಲದ ಹೆಂಟೆಯನ್ನು ಹಿಡಿದು ರಂಗೋಲಿ ಬಿಟ್ಟ ಹಾಗೆ ಅದು. ಜಪಾನಿನಲ್ಲಿ 1983ರಲ್ಲಿ ಸ್ಥಾಪನೆಯಾದ ವಾಕಾಮ್ ಎಂಬ ಕಂಪನಿ ತಂತಿಯಿಲ್ಲದ ಲೇಖನಿಯನ್ನು ಮಾರುಕಟ್ಟೆಗೆ ತಂದ ಮೇಲೆ ಚಿತ್ರಗಾರರ ಬೆರಳುಗಳಿಗೆ ಬಿಡುಗಡೆಯಾಯಿತು. ಆಪಲ್ ಕಂಪನಿಯ ಐಪ್ಯಾಡ್ 2010ರಲ್ಲೂ, ಅದರ ಲೇಖನಿ 2015ರಲ್ಲೂ ಬಂದವು.

ಈ ಲೇಖನಿ ಕೆಲಸ ಮಾಡುವ ಬಗೆ ಕೇಳತಕ್ಕದ್ದಾಗಿದೆ. ವೀಣೆಯ ಒಂದು ತಂತಿಯನ್ನು ಮೀಟಿದರೆ ಅದೇ ಶ್ರುತಿಯ ಮತ್ತೊಂದು ತಂತಿ ತಾನಾಗಿ ಮಿಡಿಯುವುದನ್ನು ಸಂಗೀತ ಬಲ್ಲವರು ಅರಿತಿದ್ದಾರೆ. ಪಾಟಿಯ ಗಾಜಿನ ಕೆಳಗೆ ಸೂಕ್ಷ್ಮವಾದ ತಂತಿಯ ಸುರುಳಿಗಳ ಜಾಲವಿದೆ. ಒಂದೊಂದು ಸುರುಳಿಯೂ ಸರದಿಯ ಮೇಲೆ ಕ್ಷಣಮಾತ್ರ ದುರ್ಬಲವಾದ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಲೇಖನಿಯ ಹೊಟ್ಟೆಯಲ್ಲಿರುವ ಪುಟ್ಟ ಸುರುಳಿ ಅದೇ ಶ್ರುತಿಗೆ ಕೂಡಿಸಿಟ್ಟದ್ದು. ಕ್ಷೇತ್ರದಿಂದಲೇ ಶಕ್ತಿಯನ್ನು ಪಡೆದು ಅದು ಮಿಡಿಯುತ್ತದೆ, ಮರುದನಿ ಕೊಡುತ್ತದೆ. ಪಾಟಿ ಆಗ ಸುಮ್ಮನಾಗಿ ಕಿವಿಗೊಡುತ್ತದೆ. ಯಾವ ಸುರುಳಿಗೆ ಮರುದನಿ ಜೋರಾಗಿ ಕೇಳಿತು, ನೆರೆಯ ಸುರುಳಿಗಳಿಗೆ ಎಷ್ಟು ಕೇಳಿತು ಎಂಬುದನ್ನು ತೂಗಿ, ಮೊನೆ ಎಲ್ಲಿದೆಯೆಂದು ಕೂದಲೆಳೆಯಷ್ಟು ಖಚಿತವಾಗಿ ಲೆಕ್ಕ ಹಾಕುತ್ತದೆ. ಮೊನೆಯನ್ನು ಒತ್ತಿದರೆ ಲೇಖನಿಯ ಶ್ರುತಿ ತುಸು ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಅಳತೆ. ಈಚಿನ ಹಲವು ಲೇಖನಿಗಳು ಒತ್ತಡದಲ್ಲಿ 8192 ಮಟ್ಟಗಳನ್ನು ಗುರುತಿಸುವುದಾಗಿ ತಯಾರಕರು ಹೇಳುತ್ತಾರೆ. ಇದೆಲ್ಲ ಸೆಕೆಂಡಿಗೆ ಸುಮಾರು 200 ಸಲ ನಡೆಯುತ್ತದೆ. ಲೇಖನಿ ಎಷ್ಟು ಓರೆಯಾಗಿದೆಯೆಂಬುದೂ ಉತ್ತಮ ಪಾಟಿಗಳಿಗೆ ತಿಳಿಯುತ್ತದೆ. ಇನ್ನು ಕೆಲವು ಲೇಖನಿಗಳಲ್ಲಿ ಬ್ಯಾಟರಿಯಿದ್ದು, ಅವು ತಮ್ಮ ಸಂಕೇತವನ್ನು ತಾವೇ ಕಳಿಸುತ್ತವೆ. ಆಪಲ್ ಕಂಪನಿಯದು ಆ ಬಗೆಯದು. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ರಬ್ಬರ್ ತುದಿಯ ಕಡ್ಡಿಗೆ ಮಾತ್ರ ಇದಾವುದೂ ಗೊತ್ತಿಲ್ಲ. ಅದು ಬೆರಳಿನ ಅಣಕ. ಒತ್ತಿದರೂ ಒಂದೇ, ಸವರಿದರೂ ಒಂದೇ. ಮಕ್ಕಳಿಗೆ ಅದನ್ನು ತಂದುಕೊಟ್ಟು ‘ಇದರಲ್ಲಿ ಚಿತ್ರ ಬರುವುದಿಲ್ಲ’ ಎಂದು ನಿರಾಶರಾದ ತಂದೆತಾಯಿಗಳು ನನಗೆ ಗೊತ್ತು.

ಪರದೆಯಿಲ್ಲದ ಪಾಟಿಯೂ ಒಂದುಂಟು. ನಾನು ಕೊಂಡದ್ದು ಅದನ್ನೇ; ನಿವೃತ್ತಿವೇತನಕ್ಕೆ ಹೊಂದುವಂಥದು. ಕೈ ಮೇಜಿನ ಮೇಲಿನ ಕಪ್ಪು ಹಲಗೆಯಲ್ಲಿ ಆಡುತ್ತದೆ, ಗೆರೆ ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ. ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ಕೈ ಮೊದಲ ತಿಂಗಳು ಒಂದು ಮಾವಿನಕಾಯಿಯನ್ನು ನೆಟ್ಟಗೆ ಬರೆಯದೆಹೋಯಿತು. ಕಣ್ಣು ಕೈಯನ್ನು ಹುಡುಕುತ್ತ ಕೆಳಗಿಳಿಯುತ್ತಿತ್ತು. ಆ ಅಭ್ಯಾಸ ಬಿಟ್ಟುಹೋದ ದಿನ, ಓಲೆಯ ಮೇಲೆ ಕಾಣದ ಗೀರನ್ನು ಗೀರುತ್ತಿದ್ದವನ ಕಷ್ಟ ಏನೆಂಬುದು ತುಸು ಅರ್ಥವಾಯಿತು.

ಇಷ್ಟು ಪೀಠಿಕೆಯಾದ ಮೇಲೆ ಚಿತ್ತಾರದ ವಿಷಯಕ್ಕೆ ಬರುತ್ತೇನೆ. ಸಾಗರ, ಸೊರಬ, ಸಿದ್ಧಾಪುರದ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಚಿತ್ತಾರ ಬರೆಯುವುದು ಪರಂಪರೆ. ಕೆಮ್ಮಣ್ಣು ಸಾರಿಸಿದ ಗೋಡೆಯೇ ಅದರ ನೆಲ. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು, ಹುರಿದು ಕರಿದು ಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರು. ಅಡ್ಡಗೆರೆ, ಉದ್ದಗೆರೆ, ಓರೆಗೆರೆಗಳನ್ನು ಎಳೆಯೆಳೆಯಾಗಿ ಜೋಡಿಸುತ್ತ, ಜೋಗಿಜಡೆಯಂಥ ಹೆಣಿಗೆಗಳನ್ನು ಕಟ್ಟುತ್ತ, ನಡುವೆ ಮದುಮಕ್ಕಳನ್ನೂ ದಂಡಿಗೆಯನ್ನೂ ಕೂರಿಸುತ್ತಾರೆ. ಬರೆಯುವಾಗ ಹಾಡುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಅಕ್ಕಿಹಿಟ್ಟಿನ ಗೆರೆ ಹಸಿಯಾಗಿದ್ದಾಗ ಮಂಕಾಗಿರುತ್ತದೆ. ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಆದುದರಿಂದ ಚಿತ್ತಾರ ಬರೆಯುವಾಕೆಯೂ ತನ್ನ ಗೆರೆಯನ್ನು ಪೂರ್ತಿ ಕಾಣದೆಯೇ ಬರೆಯುತ್ತಾಳೆ; ಕೈಯ ನಂಬಿಕೆಯ ಮೇಲೆ ಬರೆಯುತ್ತಾಳೆ.

ಕಳೆದ ವರ್ಷ ಸೊರಬ ತಾಲ್ಲೂಕಿನ ಒಂದು ಹಳ್ಳಿಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿದ್ದೆ. ಅವರ ಮಗಳು ಶಿವಮೊಗ್ಗದಲ್ಲಿ ಓದುತ್ತಿರುವವಳು, ರಜೆಗೆ ಬಂದಿದ್ದಳು. ಮನೆ ಹೊಸದು, ಗೋಡೆ ಸಿಮೆಂಟಿನದು, ಬಣ್ಣ ಪೇಟೆಯದು. ಅಜ್ಜಿಗೆ ಎಪ್ಪತ್ತು ದಾಟಿದೆ. ಹಳೆಯ ಮನೆಯ ಹಸೆಗೋಡೆಯ ಮೇಲೆ ಅವರು ಬರೆದದ್ದನ್ನು ನಾನು ನೋಡಿದ್ದೆ. ಆ ಗೋಡೆ ಈಗ ಇಲ್ಲ. ಮೊಮ್ಮಗಳು ಅಜ್ಜಿಯ ಚಿತ್ತಾರವನ್ನು ಪಾಟಿಯಲ್ಲಿ ಬರೆಯಲು ತೊಡಗಿದ್ದಳು. ನನಗೆ ತೋರಿಸಿದಳು. ಪರದೆಯ ತುಂಬ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಬಿಳಿಯ ಗೆರೆಗಳು. ಅಚ್ಚುಕಟ್ಟಾಗಿತ್ತು. ಅಜ್ಜಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

“ಎಲ್ಲಿ ಅದ್ದಿದ್ದು ಮಗಾ?”

ಹುಡುಗಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅಜ್ಜಿ ವಿವರಿಸಿದರು. ನಾರನ್ನು ಹಿಟ್ಟಿನಲ್ಲಿ ಅದ್ದಿ ಗೆರೆ ಎಳೆದರೆ ಅದು ತುಂಬಿಕೊಂಡು ಹೊರಡುತ್ತದೆ, ಹೋಗುತ್ತ ಹೋಗುತ್ತ ಸಣ್ಣಗಾಗಿ ಬತ್ತುತ್ತದೆ. ಮತ್ತೆ ಅದ್ದಬೇಕು, ಬತ್ತಿದ ತುದಿಗೆ ಹೊಸ ಗೆರೆಯನ್ನು ಗೊತ್ತಾಗದ ಹಾಗೆ ಕೂಡಿಸಬೇಕು. ಬಲ್ಲವರ ಕಣ್ಣಿಗೆ ಆ ಕೂಡುತಾಣಗಳು ಕಾಣುತ್ತವೆ. ಯಾರು ಬರೆದದ್ದೆಂದು ಅದರಿಂದಲೇ ಹೇಳಬಹುದಂತೆ. ಪಾಟಿಯ ಮೇಲಿನ ಗೆರೆಗಳೋ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ. ಎಂದೂ ಅದ್ದದ, ಎಂದೂ ಬತ್ತದ ಗೆರೆಗಳು.

ಲೇಖನಿಯನ್ನು ಅಜ್ಜಿಯ ಕೈಗೆ ಕೊಡಿಸಿದೆವು. “ಹೆದರಬೇಡ ಅಜ್ಜಿ, ಒಡೆಯೂದಿಲ್ಲ” ಎಂದಳು ಮೊಮ್ಮಗಳು. ಮೊದಲ ಗೆರೆ ಸರ್ರನೆ ಜಾರಿ ಎಲ್ಲೋ ಹೋಯಿತು. “ನೀರಿನ ಮೇಲೆ ಬರೆದ ಹಾಗೆ ಆಗ್ತದಲ್ಲ ಮೇಷ್ಟ್ರೇ” ಎಂದರು. ಎರಡನೆಯದು ನೆಟ್ಟಗೆ ಬಂತು, ಮೂರನೆಯದು ಇನ್ನೂ ನೆಟ್ಟಗೆ. ವಯಸ್ಸಿನ ಕೈ ನಡುಗುತ್ತಿದ್ದುದು ನಮಗೆ ಕಾಣುತ್ತಿತ್ತು, ಗೆರೆಯಲ್ಲಿ ನಡುಕವಿರಲಿಲ್ಲ. ನಾನು ಮೆಚ್ಚುವುದರೊಳಗಾಗಿ ಅಜ್ಜಿ ಲೇಖನಿಯನ್ನು ಕೆಳಗಿಟ್ಟರು. “ಕೈ ಮುಂದೆ ಹೋಗ್ತದೆ, ಗೆರೆ ಹಿಂದಿನಿಂದ ಬರ್ತದೆ. ಇದು ನಾನು ಬರೆದದ್ದಲ್ಲ.”

ಅವರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಹುಡುಗಿ ತಂತ್ರಾಂಶದಲ್ಲಿ ‘ಸ್ಟೆಬಿಲೈಜರ್’ ಎಂಬ ಸೌಕರ್ಯವನ್ನು ಹಾಕಿಟ್ಟಿದ್ದಳು. ಮೊನೆ ಹೋದ ದಾರಿಯನ್ನು ಅದು ಹಾಗೆಯೇ ಒಪ್ಪುವುದಿಲ್ಲ. ಹಿಂದಿನ ಹತ್ತಾರು ಬಿಂದುಗಳ ಸರಾಸರಿಯನ್ನು ತೆಗೆದು, ಆ ಸರಾಸರಿಯ ದಾರಿಯಲ್ಲಿ ಗೆರೆಯನ್ನು ನಡೆಸುತ್ತದೆ. ಸರಾಸರಿ ತೆಗೆಯಬೇಕಾದರೆ ಮುಂದಿನ ಬಿಂದುಗಳಿಗಾಗಿ ಕಾಯಬೇಕು. ಆದ್ದರಿಂದ ಗೆರೆ ಮೊನೆಗಿಂತ ಒಂದಿಷ್ಟು ಹಿಂದುಳಿಯುತ್ತದೆ. ಕಲಿಯುವವರ ಕೈ ಅದನ್ನು ಉಪಕಾರವೆಂದು ತಿಳಿಯುತ್ತದೆ. ಅರುವತ್ತು ವರ್ಷ ಗೋಡೆಯ ಮೇಲೆ ಪಳಗಿದ ಕೈ ಅದನ್ನು ತನ್ನ ಮೊಣಕೈಯನ್ನು ಯಾರೋ ಹಿಡಿದಂತೆ ಕಂಡಿತು. ಹುಡುಗಿ ಆ ಸೌಕರ್ಯವನ್ನು ತೆಗೆದುಹಾಕಿದಳು. ಕಾಗದದ ಒರಟು ಬರುವಂತೆ ಗಾಜಿಗೆ ಅಂಟಿಸುವ ಒಂದು ಮಸುಕು ಹಾಳೆ ಅವಳ ಬಳಿ ಇತ್ತು, ಅದನ್ನೂ ಅಂಟಿಸಿದಳು. ಅಜ್ಜಿ ಮತ್ತೆ ಬರೆದರು. ಈಗ ಗೆರೆಯಲ್ಲಿ ನಡುಕವಿತ್ತು, ಅದು ಅವರದಾಗಿತ್ತು.

ಉಳಿದದ್ದು ಅದ್ದುವ ಸಮಸ್ಯೆ. ಇಲ್ಲಿ ಯಂತ್ರದ ಬಗ್ಗೆ ನನ್ನ ಗೌರವ ಹೆಚ್ಚಿತೆಂದು ಹೇಳಬೇಕು. ಪಾಟಿಯ ಕುಂಚವೆಂದರೆ ವಾಸ್ತವವಾಗಿ ಒಂದು ಸಣ್ಣ ಮುದ್ರೆ. ಗೆರೆ ಎಳೆದಾಗ ತಂತ್ರಾಂಶ ಆ ಮುದ್ರೆಯನ್ನು ಒಂದರ ಪಕ್ಕ ಒಂದರಂತೆ ನೂರಾರು ಸಲ ಒತ್ತುತ್ತ ಹೋಗುತ್ತದೆ. ಮುದ್ರೆಗಳು ಒತ್ತಾಗಿರುವುದರಿಂದ ನಮಗೆ ಗೆರೆಯಾಗಿ ಕಾಣುತ್ತದೆ. ಪ್ರತಿಯೊಂದು ಮುದ್ರೆಯ ಗಾತ್ರ, ಗಾಢತೆ, ಕೋನ ಇವುಗಳನ್ನು ಯಾವುದಕ್ಕೆ ಕಟ್ಟಬೇಕೆಂಬುದು ಬರೆಯುವವರ ಇಷ್ಟ. ಒತ್ತಡಕ್ಕೆ ಕಟ್ಟಬಹುದು, ವೇಗಕ್ಕೆ ಕಟ್ಟಬಹುದು, ಹೊರಟಲ್ಲಿಂದ ಎಷ್ಟು ದೂರ ಬಂದೆವೆಂಬುದಕ್ಕೂ ಕಟ್ಟಬಹುದು. ಅವಳು ಉಪಯೋಗಿಸುತ್ತಿದ್ದುದು ಕ್ರಿತ ಎಂಬ, ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದಾದ ತಂತ್ರಾಂಶ. ಸ್ವೀಡಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ಸೀಮೆಸುಣ್ಣವೆಂದು ಅರ್ಥವಂತೆ. ಪಾಟಿಗೆ ತಕ್ಕ ಬಳಪ! ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಂಡಿನಾರನ್ನು ನಿಜವಾದ ಹಿಟ್ಟಿನಲ್ಲಿ ಅದ್ದಿಸಿ, ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಎಳೆಯಿಸಿ, ಒಂದು ಅದ್ದಿಗೆ ಗೆರೆ ಎಷ್ಟು ಉದ್ದ ಬರುತ್ತದೆ, ಎಲ್ಲಿಂದ ಸಣ್ಣಗಾಗತೊಡಗುತ್ತದೆ ಎಂದು ಆಕೆ ಅಡಿಪಟ್ಟಿಯಿಂದ ಅಳೆದಳು. ಆ ಅಳತೆಗೆ ಸರಿಯಾಗಿ ಬತ್ತುವ ಕುಂಚವೊಂದನ್ನು ಪಾಟಿಯಲ್ಲಿ ಕಟ್ಟಿದಳು. ಈಗ ಗೆರೆ ಬತ್ತಿದಾಗ ಲೇಖನಿಯನ್ನು ಎತ್ತಲೇಬೇಕು. ಎತ್ತುವುದೇ ಅದ್ದುವುದು.

ಇದನ್ನು ಕೇಳಿ ಕೆಲವರು, ಇಷ್ಟು ಸರ್ಕಸ್ಸು ಏಕೆ, ಗೋಡೆಯ ಮೇಲೆಯೇ ಬರೆಯಬಾರದೆ ಎನ್ನಬಹುದು. ಬರೆಯಬಹುದು, ಗೋಡೆಯಿದ್ದರೆ. ಶಿಕಾರಿಪುರದಲ್ಲಿ ನಾನು ಹೋಗಿದ್ದ ಒಂದು ಮದುವೆಯಲ್ಲಿ ಮದುಮಕ್ಕಳ ಹಿಂದೆ ಫ್ಲೆಕ್ಸ್ ಹಾಳೆಯ ಹಸೆ ಚಿತ್ತಾರವನ್ನು ಬಿಗಿದು ಕಟ್ಟಿದ್ದರು. ಎಲ್ಲಿಂದಲೋ ಎತ್ತಿಕೊಂಡ ಚಿತ್ರ. ಮಂಟಪದ ಅಗಲಕ್ಕೆ ಸಾಲದೆ ಅಡ್ಡಕ್ಕೆ ಜಗ್ಗಿದ್ದರಿಂದ ಉದ್ದಗೆರೆಗಳು ಊದಿಕೊಂಡಿದ್ದವು, ಮದುಮಕ್ಕಳ ಚಿತ್ರ ಕಪ್ಪೆಗಳ ಹಾಗೆ ಅಗಲವಾಗಿತ್ತು. ಒಂದು ಮೂಲೆಯನ್ನು ಮಾತ್ರ ಬರೆದು, ಉಳಿದ ಮೂರನ್ನು ಕನ್ನಡಿ ತಿರುಗಿಸಿ ಅಂಟಿಸಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಕೈಯಿಂದ ಬರೆದ ಚಿತ್ತಾರದಲ್ಲಿ ನಾಲ್ಕು ಮೂಲೆಗಳೂ ಒಂದೇ ಎನ್ನುವಂತಿರುತ್ತವೆ, ಒಂದೇ ಆಗಿರುವುದಿಲ್ಲ. ಕನ್ನಡಿ ತಿರುಗಿಸುವ ಗುಂಡಿಯನ್ನು ತಂತ್ರಾಂಶ ಮಾಡಿದವರು ಸದುದ್ದೇಶದಿಂದಲೇ ಮಾಡಿದ್ದಾರೆ. ನಾನೂ ಹಲವು ಸಲ ಒತ್ತಿದ್ದೇನೆ. ಹಸೆಯ ಮುಂದೆ ಅದನ್ನು ಒತ್ತಬಾರದೆಂಬುದು ನನ್ನ ಅಭಿಪ್ರಾಯ, ಅಷ್ಟೆ.

ಅದಕ್ಕಿಂತ ದೊಡ್ಡ ನೋವು ಮತ್ತೊಂದಿತ್ತು. ಆ ಹಾಳೆಯ ಮೇಲೆ ಮುದ್ರಿಸಿದ ಅಂಗಡಿಯ ಹೆಸರಿತ್ತು, ಬರೆದವರ ಹೆಸರಿರಲಿಲ್ಲ. ನಮ್ಮ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿಗೆ ಹೋಗಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಕೆಲಸ ಮಾಡಿದರು. ತಾವು ಕಡೆದ ಪ್ರತಿಮೆಗಳ ಕೆಳಗೆ ತಮ್ಮ ಹೆಸರನ್ನು ಕೊರೆದರು. ಒಂಬೈನೂರು ವರ್ಷಗಳಾದರೂ ಅಳಿಸಿಲ್ಲ. ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಹೆಸರು ಬರೆಯುವವರಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಏಕೆಂದರೆ ಗೋಡೆ ಅವರ ಮನೆಯದು, ನೋಡುವವರು ಅವರ ಊರಿನವರು. ಚಿತ್ತಾರ ಗೋಡೆಯನ್ನು ಬಿಟ್ಟು ಕಡತವಾಗಿ ಹೊರಟ ಕ್ಷಣದಿಂದ ಪರಿಸ್ಥಿತಿ ಬೇರೆ. ಕಡತಕ್ಕೆ ಮೂಲವೂ ಪ್ರತಿಯೂ ಒಂದೇ. ಒಂದು ಸಾವಿರ ಪ್ರತಿ ತೆಗೆದರೂ ಮೊದಲನೆಯದು ಸವೆಯುವುದಿಲ್ಲ. ಮೂಲೆಯ ಹೆಸರನ್ನು ಕತ್ತರಿಸಲು ಕ್ಷಣವೂ ಬೇಡ. ಸೊರಬದ ಗುಡಿಗಾರರು ಮಾದರಿಯನ್ನು ಕಾಗದದ ಮೇಲೆ ಬರೆದು, ಗಂಧದ ಮರಕ್ಕೆ ಅಂಟಿಸಿ, ಅದರ ಮೇಲೆಯ ಉಳಿ ಆಡಿಸುವ ಪದ್ಧತಿಯಿತ್ತು. ಕೆತ್ತನೆ ಮುಗಿಯುವಾಗ ಕಾಗದ ಉಳಿಯ ಬಾಯಿಗೆ ಹೋಗಿರುತ್ತಿತ್ತು. ಮುಂದಿನ ಪೆಟ್ಟಿಗೆಗೆ ಮತ್ತೆ ಬರೆಯಬೇಕು. ಮತ್ತೆ ಬರೆಯುವುದರಲ್ಲಿ ಕೈ ಬದುಕಿರುತ್ತಿತ್ತು.

ಆದರೂ ಪಾಟಿಯನ್ನು ನಾನು ದೂರಲಾರೆ. ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ, 2009ರಲ್ಲಿ ಫೋನಿನ ಮೇಲೂ, ಮರುವರ್ಷದಿಂದ ಐಪ್ಯಾಡಿನ ಮೇಲೂ ಬರೆಯತೊಡಗಿದ. ತನ್ನ ಸೀಮೆಯ ಒಂದು ರಸ್ತೆಗೆ ವಸಂತ ಬಂದದ್ದನ್ನು 2011ರಲ್ಲಿ ಹಾಗೆ ಬರೆದು, 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ದೊಡ್ಡದಾಗಿ ಮುದ್ರಿಸಿ ಪ್ರದರ್ಶಿಸಿದ. ಆತನಿಗೆ ಅದರಲ್ಲಿ ಹಿಡಿಸಿದ ಸಂಗತಿಗಳಲ್ಲಿ ಒಂದು ನಮಗೂ ಉಪಯುಕ್ತ: ಎಳೆದ ಗೆರೆಗಳನ್ನು ಎಳೆದ ಕ್ರಮದಲ್ಲಿಯೇ ಪಾಟಿ ನೆನಪಿಟ್ಟುಕೊಂಡು, ಬೇಕೆಂದಾಗ ಮೊದಲಿನಿಂದ ಮತ್ತೆ ಬರೆದು ತೋರಿಸಬಲ್ಲುದು. ಮುಗಿದ ಗೋಡೆ ಚಿತ್ತಾರವನ್ನು ತೋರಿಸುತ್ತದೆಯೇ ಹೊರತು ಬರೆದ ಬಗೆಯನ್ನು ತೋರಿಸುವುದಿಲ್ಲ. ಯಾವ ಎಳೆ ಮೊದಲು, ಅಂಚನ್ನು ಯಾವ ಕಡೆಯಿಂದ ಸುತ್ತಿದರು, ಜೋಗಿಜಡೆಯನ್ನು ಒಳಗಿನಿಂದ ಹೆಣೆದರೋ ಹೊರಗಿನಿಂದಲೋ ಎಂಬುದು ಪಕ್ಕದಲ್ಲಿ ಕುಳಿತು ನೋಡಿದ ಮಗಳಿಗೆ, ಸೊಸೆಗೆ ಮಾತ್ರ ಗೊತ್ತು. ಪಕ್ಕದಲ್ಲಿ ಕೂರುವವರು ಬೆಂಗಳೂರಿಗೆ ಹೋಗಿದ್ದಾರೆ. ಛಾಯಾಚಿತ್ರಗಳಿಂದ ಈ ಕ್ರಮ ಸಿಗುವುದಿಲ್ಲ, ಪಾಟಿಯಿಂದ ಸಿಗುತ್ತದೆ. ಅಜ್ಜಿ ಎಲ್ಲಿ ಒತ್ತಿದರು, ಎಲ್ಲಿ ತಡೆದರು, ಎಲ್ಲಿ ಲೇಖನಿ ಎತ್ತಿ ಯೋಚಿಸಿದರು ಎಂಬುದೂ ಸಿಗುತ್ತದೆ. ಹಾಡನ್ನು ಮಾತ್ರ ಪ್ರತ್ಯೇಕವಾಗಿ ಧ್ವನಿಮುದ್ರಿಸಬೇಕಾಯಿತು.

ಹೀಗೆ ಎಳೆಯೆಳೆಯಾಗಿ ಒಂದು ಹಸೆ ಚಿತ್ತಾರ ಪಾಟಿಯಲ್ಲಿ ಪೂರ್ತಿಯಾಗಲು ಹದಿಮೂರು ದಿನ ಹಿಡಿಯಿತು. ನಡುವೆ ಒಂದು ದಿನ, ತಪ್ಪಿದ ಗೆರೆಯನ್ನು ಹಿಂದಕ್ಕೆ ತೆಗೆಯುವುದನ್ನು ಮೊಮ್ಮಗಳು ಅಜ್ಜಿಗೆ ಕಲಿಸಿದಳು. ಎರಡು ಬೆರಳನ್ನು ಗಾಜಿಗೆ ತಾಕಿಸಿದರೆ ಸಾಕು. ಅಜ್ಜಿಗೆ ಅದು ಸೇರಲಿಲ್ಲ. ಗೋಡೆಯ ಮೇಲೆ ತಪ್ಪಿದ ಗೆರೆಯನ್ನು ಅವರು ಅಳಿಸುತ್ತಿದ್ದುದು ಕಡಿಮೆ, ಪಕ್ಕದಲ್ಲಿ ಇನ್ನೊಂದು ಎಳೆದು ಅದನ್ನೇ ಹೆಣಿಗೆಗೆ ಸೇರಿಸಿಬಿಡುತ್ತಿದ್ದರಂತೆ. ಪಾಟಿಯಲ್ಲಿಯೂ ಹಾಗೆಯೇ ಮಾಡಿದರು. ಬಲಗಡೆಯ ಅಂಚಿನಲ್ಲಿ ಒಂದು ಎಳೆ ಹೆಚ್ಚಿಗೆ ಇದೆ. ಮೂಲೆಯಲ್ಲಿ ಏನು ಬರೆಯಲಿ ಎಂದು ಹುಡುಗಿ ಕೇಳಿದಾಗ, ತನ್ನ ಹೆಸರನ್ನೂ ತನಗೆ ಕಲಿಸಿದ ಅತ್ತೆಯ ಹೆಸರನ್ನೂ ಬರೆಯೆಂದರು. ಎರಡೂ ಇವೆ.

ಆ ಹುಡುಗಿ ಈಗ ರಜೆ ಸಿಕ್ಕಾಗಲೆಲ್ಲ ಪಾಟಿಯನ್ನು ಚೀಲದಲ್ಲಿಟ್ಟುಕೊಂಡು ನೆಂಟರ ಮನೆಗಳಿಗೆ ಹೋಗುತ್ತಾಳೆ. ಬತ್ತುವ ಕುಂಚವನ್ನು ಪ್ರತಿಯೊಬ್ಬರ ಕೈಗೂ ಬೇರೆಯಾಗಿ ಅಳೆದು ಕಟ್ಟಬೇಕಾಗುತ್ತದೆಂದು ಅವಳ ಅನುಭವ. ಬರುವ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಚಿತ್ತಾರವನ್ನು ಬರೆಯಿಸಬೇಕೆಂದಿದ್ದಾಳೆ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸಿ, ಅದರ ಸುತ್ತ ಬರೆಯುವ ಚಿತ್ತಾರ ಅದು. ಹೊಲಕ್ಕೆ ಎಡೆ ಒಯ್ಯುವ ಬುಟ್ಟಿ. ಬರೆಯುವಾಗ ಬುಟ್ಟಿಯನ್ನು ತೊಡೆಯ ಮೇಲಿಟ್ಟು ತಿರುಗಿಸುತ್ತ ಹೋಗುತ್ತಾರೆ, ಕೈ ಇದ್ದಲ್ಲಿಯೇ ಇರುತ್ತದೆ. ಬುಟ್ಟಿಯ ಬಾಯಿ ಅಗಲ, ತಳ ಕಿರಿದು. ಆ ದುಂಡುಮೈಯನ್ನು ಚಪ್ಪಟೆ ಗಾಜಿನ ಮೇಲೆ ಹೇಗೆ ಬಿಡಿಸಿ ಹಾಸಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಕಾಗದವನ್ನು ಬುಟ್ಟಿಗೆ ಸುತ್ತಿ ಕತ್ತರಿಸಿ ನೋಡೋಣವೆಂದು ನಾನು ಹೇಳಿದ್ದೇನೆ; ಅಜ್ಜಿ, ಪಾಟಿಯನ್ನೇ ತೊಡೆಯ ಮೇಲಿಟ್ಟು ತಿರುಗಿಸಿ ನೋಡುತ್ತೇನೆ ಎಂದಿದ್ದಾರೆ.